ಕಾಲು ನಿಲ್ಲಿಸುವಂತಿಲ್ಲ

ಕಾಲುಗಳು ತಿರುಗುತ್ತಿವೆ, ನಾನು ತಿರುಗಿಸುತ್ತಿಲ್ಲ, ಪೆಡಲುಗಳೇ ನನ್ನ ಕಾಲನ್ನು ಎತ್ತಿ ಎತ್ತಿ ಇಳಿಸುತ್ತಿವೆ, ಇಳಿಜಾರು ಬಂತಲ್ಲ ಒಂದು ಗಳಿಗೆ ಸುಮ್ಮನೆ ಕೂರೋಣವೆಂದರೆ ಆಗುವುದಿಲ್ಲ, ಹಿಂದಿನ ಚಕ್ರ ಉರುಳುವಷ್ಟು ಹೊತ್ತೂ ಪೆಡಲು ಸುತ್ತುತ್ತಲೇ ಇರುತ್ತದೆ, ಹಾಗೆ ಕಟ್ಟಿದವಳೇ ನಾನಲ್ಲವೆ — ಹಿಂದಿನಿಂದ ಅತ್ತೆ, ಯಾಕಮ್ಮಿ ಭಾಗ್ಯ, ಇಳಿಜಾರ್‌ನಾಗೂ ಇಂಗೆ ತುಳೀತೀಯ, ಯಾರಾನ ಅಟ್ಟಿಸ್ಕೊಂಡ್ ಬತ್ತಾವ್ರಾ? ಇಲ್ಲ ಅತ್ತೆ, ಸಾರು ಆರೋದ್ರೊಳಗೆ ಹೋಗೋಣ ಅಂತ. ಸುಳ್ಳು ಎಷ್ಟು ಸಲೀಸಾಗಿ ಬಂತು, ಸಾರಿನ ಘಾಟಿನ ಜೊತೆಯಲ್ಲೇ, ಮೆಣಸು ಬೆಳ್ಳುಳ್ಳಿ ಗಾಳಿಯಲ್ಲಿ ತೇಲಿ ನನ್ನ ಕತ್ತಿಗೆ ಬಡಿಯುತ್ತಿದೆ, ಅತ್ತೆಯ ಮಡಿಲಲ್ಲಿ ಊಟದ ಕ್ಯಾರಿಯರ್ರು, ಮಾರತ್ತಹಳ್ಳಿಯಲ್ಲಿರುವ ಬಾಣಂತಿ ಮಗಳಿಗೆ ನಾಟಿ ಕೋಳಿ ಸಾರು, ಅದು ತುಳುಕಿದರೆ ನನ್ನ ಕೆಲಸವೂ ತುಳುಕಿ ಹೋಯಿತು. ಕಂಪನಿಯ ವ್ಯಾನು ನಮ್ಮೂರ ಕಡೆ ಬರುವುದನ್ನು ನಿಲ್ಲಿಸಿದ ಮೇಲೆ ಮನೆಯಲ್ಲಿ ಇದೇ ಪಂಚಾಯಿತಿ, ಕಂಪನಿಯಿರುವ ದೊಡ್ಡನೆಕ್ಕುಂದಿಯವರೆಗೆ ಸೊಸೆ ಸೈಕಲ್ ತುಳಿಯುವುದೇ, ಕೊನೆಗೆ ಇವತ್ತು ಬೆಳಿಗ್ಗೆ ಹೊಸಲಲ್ಲಿ ನಿಂತು ಅತ್ತೆಯೇ ತೀರ್ಪು ಕೊಟ್ಟರು, ನಾನೇ ಕೂತು ನೋಡ್ತೀನಿ ಕಣಮ್ಮಿ, ಮಾರತ್ತಹಳ್ಳಿಗಂಟ ನನ್ನ ನೆಟ್ಟಗೆ ಕರ್ಕೊಂಡೋದ್ರೆ ಸೋಮ್ವಾರದಿಂದ ನೀನೂ ಓಗು, ದಾರೀಲಿ ಏನಾನ ಎಡವಟ್ಟಾಯ್ತೋ, ಸೈಕಲ್ ಅಟ್ಟಕ್ಕೆ, ನೀನು ಒಲೆ ಮುಂದಕ್ಕೆ.

ಎಡವಟ್ಟು ಆಗಲೇ ಆಗಿಹೋಗಿದೆ, ಅತ್ತೆಗೆ ಗೊತ್ತಿಲ್ಲ ಅಷ್ಟೇ. ದ್ರಾಕ್ಷಿ ತೋಟದ ಹತ್ತಿರ ಏರು ಹತ್ತುವಾಗ ಕಟಕ್ ಎಂದಿತು, ಆಮೇಲೆ ಪೆಡಲು ಗಾಳಿಯಲ್ಲಿ ತಿರುಗಿದ ಹಾಗೆ ಹಗುರ, ತುಳಿದರೂ ಚಕ್ರಕ್ಕೆ ಹಿಡಿತವೇ ಇಲ್ಲ — ಫ್ರೀವೀಲು ಕೈಕೊಟ್ಟಿತ್ತು. ನಮ್ಮ ಯಜಮಾನರು, ಇವರು ಕಟ್ಟಿಕೊಟ್ಟ ಸೈಕಲ್ಲೇ ಹಾಗೆ, ಶ್ಯಾಮಣ್ಣ ಅಂದರೆ ಊರಲ್ಲಿ ನಗುತ್ತಾರೆ, ಶಿವಾಜಿನಗರದ ಗುಜರಿಯಿಂದ ಲೇಡೀಸ್ ಸೈಕಲ್ಲಿನ ಬರೀ ಚೌಕಟ್ಟು ಹೊತ್ತುಕೊಂಡು ಬಂದು, ಹಾಲಿನವನ ಮುರಿದ ಸೈಕಲ್ಲಿನ ಹ್ಯಾಂಡಲ್ಲು, ಹಿಂದಿನ ಬ್ರೇಕಿಗೆ ತಮ್ಮದೇ ಹವಾಯಿ ಚಪ್ಪಲಿಯ ಹಿಮ್ಮಡಿ ಕುಯ್ದ ತುಂಡು, ಟೈರು ಸೀಳಿದ್ದ ಕಡೆ ಒಳಗೆ ಇನ್ನೊಂದು ಟೈರಿನ ಚೂರು, ಆ ಚೂರು ನೆಲ ಮುಟ್ಟಿದಾಗಲೆಲ್ಲ ಸೀಟು ಒಮ್ಮೆ ಕುಪ್ಪಳಿಸುತ್ತದೆ, ಕೆರೆಯಂಗಳದಲ್ಲಿ ಕಲಿಸುವಾಗ ಅದನ್ನೇ ಹೊಗಳಿಕೊಳ್ಳುತ್ತಿದ್ದರು, ನೋಡು, ನಿದ್ದೆ ಬರ್ದಂಗೆ ಎಬ್ಬಿಸ್ತಾ ಇರುತ್ತೆ. ಇವತ್ತು ಕಟಕ್ ಎಂದಾಗ ಅತ್ತೆ ಇಳಿದು ಹೊಂಗೆ ನೆರಳಲ್ಲಿ ಎಲೆ ಅಡಿಕೆ ಹಾಕುತ್ತಾ ಕುಳಿತಿದ್ದರು, ಏನಾಯ್ತಮ್ಮಿ? ಚೈನ್ ಬಿತ್ತು ಅತ್ತೆ, ಈಗ ಹಾಕ್ತೀನಿ. ದ್ರಾಕ್ಷಿ ಚಪ್ಪರದ ಕೆಳಗೆ ಬಿದ್ದಿದ್ದ ಸಣ್ಣ ತಂತಿ ಸಿಕ್ಕಿತು, ಹಲ್ಲುಚಕ್ರವನ್ನೂ ಹಿಂದಿನ ಚಕ್ರದ ಕಡ್ಡಿಗಳನ್ನೂ ಸೇರಿಸಿ ಬಿಗಿದುಬಿಟ್ಟರೆ ಎರಡೂ ಒಟ್ಟಿಗೆ ತಿರುಗಲೇಬೇಕು, ಇವರು ಒಮ್ಮೆ ಹಾಗೆ ಮಾಡಿದ್ದನ್ನು ನೋಡಿದ್ದೆ. ಆದರೆ ಇವರಿಗೆ ಬರುತ್ತದೆಯೇ ನನ್ನ ಹಾಗೆ ಸುತ್ತುವುದು, ನಾನು ಕಂಪನಿಯಲ್ಲಿ ದಿನವೆಲ್ಲ ತಂತಿ ಸುತ್ತುವವಳು, ಟೀವಿ ಸ್ಟೆಬಿಲೈಸರಿನ ಕಾಯಿಲ್‌ಗಳು, ಸುತ್ತಿನ ಪಕ್ಕ ಸುತ್ತು ಕೂರಬೇಕು, ಒಂದರ ಮೇಲೊಂದು ಹತ್ತಬಾರದು, ಕೈಯೇ ಅದರಷ್ಟಕ್ಕೆ ಓಡಿತು, ಚೆಂದವಾಗಿ ಕೂತಿತು, ಕೊನೆಯಲ್ಲಿ ಎರಡೂ ತುದಿಯನ್ನು ಗೇಣುದ್ದ ಹೊರಗೆ ಬಿಟ್ಟೆ. ಬಿಡಬೇಕು. ಸೂಪರ್‌ವೈಸರ್ ಪ್ರಭಾ ಮೇಡಂ ಬೆಂಚಿನಿಂದ ಬೆಂಚಿಗೆ ಕೂಗಿಕೊಂಡೇ ಓಡಾಡುತ್ತಾರೆ, ಲೀಡ್ ಉದ್ದ ಬಿಡ್ರೀ, ತುದಿ ಕತ್ತರಿಸಿಬಿಟ್ರೆ ಕನೆಕ್ಷನ್ ಎಲ್ಲಿಗೆ ಕೊಡ್ಲಿ, ನಿಮ್ಮ ಜಡೆಗಾ? ನಗು ಬರುತ್ತದೆ, ಆ ಬೆಂಚು, ವಾರ್ನಿಷ್ ವಾಸನೆ, ಮಧ್ಯಾಹ್ನ ಒಬ್ಬರ ಡಬ್ಬಿಗೆ ಇನ್ನೊಬ್ಬರ ಕೈ, ಸತ್ಯವತಿಯ ಮಾವಿನಕಾಯಿ ಚಿತ್ರಾನ್ನಕ್ಕೆ ಜಗಳ — ಅದನ್ನು ಬಿಟ್ಟು ಹೇಗಿರಲಿ, ಒಲೆಯ ಮುಂದೆ ಯಾರ ಜೊತೆ ನಗಲಿ.

ಬ್ರೇಕಿನ ರಬ್ಬರು ಸುಟ್ಟ ವಾಸನೆ, ಇಳಿಜಾರು ಮುಗಿಯುತ್ತ ಬಂತು, ಚಿಕ್ಕಬೈರಪ್ಪನ ಟೀ ಅಂಗಡಿ, ಬೆಂಚಿನ ಮೇಲಿದ್ದವರೆಲ್ಲ ಕತ್ತು ತಿರುಗಿಸುತ್ತಾರೆ, ಏನ್ ಪಿಳ್ಳಕ್ಕ, ಸೊಸೇನೇ ಡ್ರೈವರ್ರಾ, ಟಿಕೀಟು ತಗಂಡ್ಯಾ? ಅತ್ತೆ ಬಿಡುತ್ತಾರೆಯೇ, ನಿನ್ ಟೀಗಿಂತ ಸ್ಟ್ರಾಂಗಾಗವ್ಳೆ ಕಣೋ ನನ್ ಸೊಸೆ — ನನ್ ಸೊಸೆ ಎಂದರು, ಊರವರ ಮುಂದೆ, ನನ್ನ ಕಿವಿ ಬಿಸಿಯಾಯಿತು, ಇನ್ನೇನು ಮುಗಿಯಿತು, ಮಾರತ್ತಹಳ್ಳಿ ಎಷ್ಟು ದೂರ, ಸೋಮವಾರ — ಭಾಗ್ಯಾ, ಯಾರೋ ಸೆರಗು ಎಳೀತಾವ್ರೆ ಕಣಮ್ಮಿ! ಯಾರತ್ತೆ? ಗೊತ್ತಿಲ್ಲ, ಎಳೀತಾನೇ ಅವ್ರೆ, ನಿಲ್ಸೇ, ನಿಲ್ಸೇ! ನಿಲ್ಲಿಸಲು ಕಾಲು ಕೇಳಬೇಕಲ್ಲ, ಪೆಡಲು ಕಾಲನ್ನು ಎತ್ತುತ್ತಿದೆ, ನಾನು ಒತ್ತುತ್ತಿದ್ದೇನೆ, ಬ್ರೇಕು, ಕುಲುಕಾಟ, ನಿಂತಿತು. ಬೀಳಲಿಲ್ಲ. ಅತ್ತೆ ಇಳಿದರು, ಕ್ಯಾರಿಯರ್ರು ಎದೆಗೆ ಅವುಚಿಕೊಂಡಿದ್ದಾರೆ, ನೆಟ್ಟಗೆ ನಿಲ್ಲಲಾಗುತ್ತಿಲ್ಲ, ಸೆರಗಿನ ಚುಂಗು ಹಿಂದಿನ ಚಕ್ರದೊಳಗೆ, ನಾನು ಉದ್ದ ಬಿಟ್ಟಿದ್ದ ಆ ಎರಡು ತುದಿಗಳೇ ಹಿಡಿದು ಸುತ್ತಿಕೊಂಡಿವೆ, ಸುತ್ತಿನ ಪಕ್ಕ ಸುತ್ತು, ಅಯ್ಯೋ ಪ್ರಭಾ ಮೇಡಂ. ಚಿಕ್ಕಬೈರಪ್ಪ ಈರುಳ್ಳಿ ಕುಯ್ಯುವ ಚಾಕು ಹಿಡಿದು ಓಡಿ ಬಂದ, ಸೆರಗು ಕುಯ್ದ್‌ಬುಡ್ಲಾ ಪಿಳ್ಳಕ್ಕ? ಮೊದ್ಲು ನಿನ್ ಮೀಸೆ ಕುಯ್ತೀನಿ, ಅತ್ಲಾಗೋಗು. ಅತ್ತೆ ಬಗ್ಗಿದಂತೆಯೇ ಚಕ್ರ ನೋಡಿದರು, ಇದೇನಮ್ಮಿ, ತಂತಿ? ಫ್ರೀವೀಲ್ ಹೋಗಿತ್ತು ಅತ್ತೆ, ಚೈನ್ ಬಿದ್ದಿರ್ಲಿಲ್ಲ, ನಾನೇ ಕಟ್ದೆ. ಮುಖ ಕಾಣುತ್ತಿಲ್ಲ, ಸೀರೆಗಂಟಿದ ಕಪ್ಪು ಗ್ರೀಸು ಮಾತ್ರ ಕಾಣುತ್ತಿದೆ. ಹಿಂದಕ್ಕೆ ಉರುಳಿಸಿದ್ರೆ ಬಿಚ್ಕೊಳ್ಳುತ್ತೆ ಅತ್ತೆ, ಪೆಡಲೂ ಹಿಂದಕ್ಕೇ ಸುತ್ತುತ್ತೆ, ನೀವೂ ಹಿಂದಕ್ಕೆ ಬನ್ನಿ. ಹಿಂದಕ್ಕೆ ನಡೆದೆವು, ನಾನು ಸೈಕಲ್ ತಳ್ಳುತ್ತ, ಅತ್ತೆ ಬಗ್ಗಿ ಬಗ್ಗಿ, ಬೆಂಚಿನವರು ಹೋ ಎನ್ನುತ್ತ, ಒಂದೊಂದೇ ಸುತ್ತು ಬಿಟ್ಟು ಸೆರಗು ಹೊರಗೆ ಬಂತು, ಹರಿದಿದೆ, ಒಂದು ಕೈಯಗಲ. ಅತ್ತೆ ನೋಡಿದರು. ಕ್ಯಾರಿಯರ್ರಿನ ಮುಚ್ಚಳ ತೆಗೆದು ಸಾರು ನೋಡಿದರು, ಮುಚ್ಚಿದರು. ರಸ್ತೆಯಿಂದ ಒಂದು ಕಲ್ಲು ಎತ್ತಿಕೊಂಡರು, ನಾನು ಒಂದು ಹೆಜ್ಜೆ ಹಿಂದೆ ಸರಿದೆ — ಕಲ್ಲನ್ನು ನನ್ನ ಕೈಗಿಟ್ಟರು, ಆ ತಂತಿ ಮೊನೆ ಒಳಕ್ಕೆ ಬಡಿ, ಸೋಮ್ವಾರ ಕಂಪ್ನಿ ಗೇಟ್‌ತಾವ ನಿನ್ ಸೀರೆ ಇಂಗೆ ಸಿಕ್ಕಾಕ್ಕಂಡ್ರೆ ಬಿಚ್ಚಕ್ಕೆ ನಾನಿರ್ತೀನಾ ಅಲ್ಲಿ?

ಸೋಮವಾರ ಎಂದರು. ಬಡಿದೆ, ಬೆರಳಿಗೂ ಒಂದು ಬಿತ್ತು, ನೋವೇ ಇಲ್ಲ. ಅಷ್ಟರಲ್ಲಿ ಅತ್ತೆ ಸೆರಗನ್ನು ಸೊಂಟಕ್ಕೆ ಬಿಗಿದರು, ಪೈರು ನಾಟುವಾಗ ಎತ್ತಿ ಕಟ್ಟುತ್ತಾರಲ್ಲ ಹಾಗೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿದರು, ಬೆಂಚಿನವರತ್ತ ಒಮ್ಮೆ ಕಣ್ಣು ಬಿಟ್ಟರು, ಕಾಲೆತ್ತಿ ಹಾಕಿ ಗಂಡಸರ ಹಾಗೆ ಕೂತೇಬಿಟ್ಟರು, ಊಂ, ತುಳಿ. ತುಳಿಯುತ್ತಿದ್ದೇನೆ, ಬಿಸಿಲು ಬೆನ್ನಿಗಿದೆ, ನಮ್ಮ ನೆರಳು ಮುಂದೆ ಮುಂದೆ ಓಡುತ್ತಿದೆ, ನನ್ನ ಕಾಲುಗಳು ಸುತ್ತುತ್ತಿವೆ, ಅವುಗಳ ಆಚೆ ಈಚೆ ಅತ್ತೆಯ ಎರಡು ಕಾಲು, ಸುತ್ತದೆ, ಅಗಲವಾಗಿ ಚಾಚಿಕೊಂಡು, ನೆರಳಿನಲ್ಲಿ ರೆಕ್ಕೆಯ ಹಾಗೆ — ಕತ್ತು ತಿರುಗಿಸದೆ ನೋಡುತ್ತೇನೆ, ಹೌದು, ಆ ಕಡೆಗೊಂದು ಕಾಲು, ಈ ಕಡೆಗೊಂದು ಕಾಲು, ಮತ್ತೆ ನೋಡುತ್ತೇನೆ, ಆ ಕಡೆಗೊಂದು, ಈ ಕಡೆಗೊಂದು