ಗ್ಲಾಸು ಇಳಿದರೆ ಬರ್ತೀನಿ

ಏನೋ ತಣ್ಣಗೆ ಬೆರಳಿಗೆ ತಗುಲಿತು, ಕೇಬಲ್ಲೇ ಇರಬೇಕು — ಅಲ್ಲ, ಯಾವುದೋ ಸರಳು, ಈ ಕಾರಿನ ಬಾಗಿಲ ಹೊಟ್ಟೆಯಲ್ಲಿ ಕಣ್ಣಿಗೆ ಕೆಲಸವಿಲ್ಲ, ಕೈಯೇ ಕಣ್ಣು, ಮೊಣಕೈವರೆಗೆ ತೂರಿಸಿ ಕೆನ್ನೆಯನ್ನು ತಗಡಿಗೆ ಒತ್ತಿಕೊಂಡು ನಿಂತಿದ್ದೇನೆ, ಬೆಳಗಿನ ಚಳಿಗೆ ತಗಡು ಕೆನ್ನೆ ಕಚ್ಚುತ್ತಿದೆ, ರಸ್ತೆಯಲ್ಲಿ ಹೋಗುವವರು ನೋಡಿದರೆ ಟೈಲರಮ್ಮ ಕಾರನ್ನು ತಬ್ಬಿಕೊಂಡು ಅಳುತ್ತಿದ್ದಾಳೆ ಅಂದುಕೊಂಡಾರು, ಅಂದುಕೊಳ್ಳಲಿ, ನನಗೀಗ ಅದಕ್ಕೆಲ್ಲ ಪುರುಸೊತ್ತಿಲ್ಲ, ಹಾಂ, ಇದೇ, ಇದೇ ಕೇಬಲ್ಲು, ತುದಿ ಸಿಬಿರೆದ್ದು ಮುಳ್ಳುಮುಳ್ಳಾಗಿದೆ, ಎಳೆ ಬಿಚ್ಚಿಕೊಂಡ ಹಳೇ ದಾರದ ಹಾಗೆ, ಅದಕ್ಕೇ ಸ್ವಿಚ್ ಒತ್ತಿದರೆ ಮೋಟಾರು ಗುಂಯ್ ಅನ್ನುತ್ತಿತ್ತು, ಗ್ಲಾಸು ಮಾತ್ರ ಕೂದಲೆಳೆಯಷ್ಟೂ ಇಳಿಯುತ್ತಿರಲಿಲ್ಲ, ಪಾಪ ಮೋಟಾರು, ಅದು ತನ್ನ ಪಾಡಿಗೆ ಎಳೆಯುತ್ತಲೇ ಇತ್ತು, ಎಳೆಯಲು ಹಗ್ಗವೇ ಇರಲಿಲ್ಲ. ಸಿಕ್ತೇನೇ, ಅನ್ನುತ್ತಾರೆ ಇವರು ಹೊಸ್ತಿಲ ಮೇಲಿಂದ, ಸಿಕ್ತು ರೀ, ಹುಷಾರು ಕಣೇ, ತಗಡಿನ ಅಂಚು ಬ್ಲೇಡ್ ಇದ್ದಂಗೆ ಇರುತ್ತೆ, ಗೊತ್ತು ರೀ, ಗೊತ್ತು ಗೊತ್ತು ಅಂತಾನೇ ಕುಯ್ಕೊಳ್ತೀಯ — ಬೈಯಲಿ, ಬೈಯಲು ಬಾಯಿ ಉಳಿದಿದೆಯಲ್ಲ, ಇಪ್ಪತ್ತೈದು ವರ್ಷ ಈ ಗೊಣಗಾಟ ಕೇಳಿ ಕಿವಿ ತೂತಾಗಿದೆ ಅಂತ ಊರಿಗೆಲ್ಲ ಹೇಳಿಕೊಂಡು ತಿರುಗಿದವಳು ನಾನೇ, ಈಗ ಒಂದು ಗಳಿಗೆ ಗೊಣಗದಿದ್ದರೆ ತಿರುಗಿ ನೋಡುತ್ತೇನೆ, ಇದ್ದಾರಾ ಅಂತ, ಇದ್ದಾರೆ, ಶಾಲು ಹೊದ್ದು ಕೂತಿದ್ದಾರೆ.

ಹೊಸ್ತಿಲೇ ಈಗ ಇವರ ಜಾಗ, ಮನೆಯ ಒಳಗೂ ಅಲ್ಲ ಹೊರಗೂ ಅಲ್ಲ, ಬೆನ್ನಿಗೆ ಒಂದು ದಿಂಬು, ಆ ಗುಂಡಿಯಿಂದ ಎದ್ದು ಬಂದ ಮೇಲೆ ಮುಚ್ಚಿದ ಜಾಗ ಅಂದರೆ ಇವರಿಗೆ ಆಗುವುದಿಲ್ಲ, ಎದೆ ಹಿಡಿದುಕೊಳ್ಳುತ್ತದೆ, ಬೆವರು, ಕಣ್ಣು ಗುಡ್ಡೆ ಹೊರಗೆ ಬಂದಂತೆ, ಬಚ್ಚಲ ಬಾಗಿಲು ಕೂಡ ಸ್ವಲ್ಪ ತೆರೆದೇ ಇರಬೇಕು, ನಾನು ಹೊರಗೆ ಮಣೆ ಹಾಕಿಕೊಂಡು ಯಾರದೋ ರವಿಕೆಗೆ ಹುಕ್ಕು ಹಚ್ಚುತ್ತಾ ಕಾವಲು, ಅಲ್ಲಿದ್ದೀಯೇನೇ, ಇದ್ದೀನಿ ರೀ, ಏನಾದರೂ ಮಾತಾಡು, ಏನು ಮಾತಾಡಲಿ, ನೀವು ಸೋಪು ಹಚ್ಕೊಳ್ಳಿ ಮೊದಲು — ನೆನೆಸಿಕೊಂಡರೆ ನಗು ಬರುತ್ತದೆ, ಮದುವೆಯಾದ ಹೊಸದರಲ್ಲಿ ಕೂಡ ನಾವು ಇಷ್ಟು ಮಾತಾಡಿರಲಿಲ್ಲ. ಮಗಳಿಗೆ ಹೆರಿಗೆಯಾಗಿ ಹತ್ತು ದಿನ, ಹೆಣ್ಣು ಕೂಸು, ಫೋಟೋದಲ್ಲಿ ಮುಷ್ಟಿ ಬಿಗಿಹಿಡಿದು ಯಾರ ಮೇಲೋ ಸಿಟ್ಟಾದ ಹಾಗೆ ಮಲಗಿದೆ, ಅಪ್ಪ ಬರ್ತಾರೇನಮ್ಮಾ ಅಂತ ದಿನಾ ಕೇಳುತ್ತಾಳೆ ಮಗಳು, ಬೇಗ ಬರಲಿ ಅನ್ನುವುದಿಲ್ಲ, ಬಲವಂತ ಮಾಡಬೇಡಮ್ಮಾ ಅನ್ನುತ್ತಾಳೆ, ಬಸ್ಸಿನಲ್ಲಿ ಪ್ರಯತ್ನ ಮಾಡಿದೆವು, ಒಂದೇ ಒಂದು ನಿಲ್ದಾಣ, ಇವರು ಜನರನ್ನು ತಳ್ಳಿಕೊಂಡು ಇಳಿದು ರಸ್ತೆ ಬದಿಯಲ್ಲಿ ತಲೆ ತಗ್ಗಿಸಿ ಕೂತುಬಿಟ್ಟರು, ನೀನು ಹೋಗಿ ಬಾರೇ, ನಾನು ಇಲ್ಲೇ ಇರ್ತೀನಿ, ಮೊಮ್ಮಗಳು ಓಡಾಡುವ ಹಾಗಾದಾಗ ಅವಳೇ ಬರ್ತಾಳೆ. ಆಮೇಲೆ ಸಂಜೆ ಇದೇ ಕಾರಿನ ಸುತ್ತ ಒಂದು ಸುತ್ತು ಹಾಕಿ, ಮುಂದಿನ ಸೀಟಿನ ಪಕ್ಕದ ಈ ಗ್ಲಾಸನ್ನು ತಟ್ಟಿ, ಇದು ಇಳಿದರೆ ಬರ್ತೀನಿ ಕಣೇ, ಮುಖಕ್ಕೆ ಗಾಳಿ ಬಡೀತಾ ಇದ್ರೆ ನಾನು ಬರ್ತೀನಿ ಅಂದರು, ಹಿಂದಿನ ಸೀಟಾಗುವುದಿಲ್ಲ, ಅಲ್ಲಿ ಕೂತರೆ ಮುಂದಿನ ಸೀಟು ಎದೆ ಮೇಲೆ ಬಂದಂತಾಗುತ್ತದಂತೆ, ಗಾಡಿ ಓಡಿಸುವ ನನ್ನ ಸೀಟಿನಲ್ಲಿ ಕೂರಿಸೋಣವೆಂದರೆ ಗುಂಡಿಯಲ್ಲಿ ಜಜ್ಜಿಹೋದ ಆ ಕಾಲಿನಲ್ಲಿ ಬ್ರೇಕು ತುಳಿಯುವುದು ಸಾಧ್ಯವಿಲ್ಲ, ಅಂತೂ ಈ ಮುದಿ ಕಾರಿನ ಈ ಒಂದು ಗ್ಲಾಸಿಗೆ ನಮ್ಮ ಇಡೀ ಸಂಸಾರ ಜೋತುಬಿದ್ದಿದೆ. ಮೆಕ್ಯಾನಿಕ್ ಒಳ್ಳೆಯವನೇ, ಮನೆಗೇ ಬಂದು ಬಾಗಿಲು ಬಡಿದು ನೋಡಿ, ಅಮ್ಮಾ, ಇದರ ಸಾಮಾನು ಈಗ ಬರಲ್ಲ, ಗಾಡಿ ಹಳೇದಾಯ್ತು, ಗ್ಲಾಸು ಮೇಲಕ್ಕೆತ್ತಿ ಕೆಳಗೆ ಒಂದು ಕಟ್ಟಿಗೆ ತುಂಡು ಸಿಕ್ಕಿಸಿಬಿಡ್ತೀನಿ, ಆಯುಷ್ಯಪೂರ್ತಿ ಬೀಳಲ್ಲ, ಈಗೆಲ್ಲ ಕಿಟಕಿ ಯಾರು ತೆಗೀತಾರಮ್ಮಾ ಅಂದ, ನಾನು ಇವರ ಮುಖ ನೋಡಿದೆ, ಇವರು ಆ ಕಡೆ ತಿರುಗಿ ಶಾಲು ಸರಿಮಾಡಿಕೊಂಡರು, ಬೇಡಪ್ಪಾ, ನಾನೇ ನೋಡ್ತೀನಿ ಅಂದುಬಿಟ್ಟೆ, ಅವನು ನಗಲಿಲ್ಲ, ಬಾಗಿಲ ಒಳಗಡೆ ಪ್ಯಾಡು ಬಿಚ್ಚೋವಾಗ ಎಳೀಬೇಡಿ, ಸುತ್ತ ಕ್ಲಿಪ್ಪುಗಳಿವೆ, ಒಂದೊಂದೇ ಎಬ್ಬಿಸಿ ಅಂತ ಹೇಳಿಕೊಟ್ಟು ತನ್ನ ಚಪ್ಪಟೆ ಮೀಟುಗೋಲನ್ನೂ ಕೊಟ್ಟು ಹೋದ, ಅವನ ಮಕ್ಕಳು ಮರಿ ಚೆನ್ನಾಗಿರಲಿ.

ಡ್ರಮ್ಮು ಕೈಗೆ ಬಂತು, ಅಂಗೈಯಗಲದ ಪ್ಲಾಸ್ಟಿಕ್ ಗಾಲಿ, ಸುತ್ತ ಗೀರು ಗೀರು, ಕೇಬಲ್ಲು ಸುತ್ತಿಕೊಳ್ಳಲಿಕ್ಕೆ, ಅಯ್ಯೋ ಇದು ನಮ್ಮ ಹೊಲಿಗೆ ಮಿಷನ್ನಿನ ಬಾಬಿನ್ನು ತಾನೆ, ಬಾಬಿನ್ನಿನ ದೊಡ್ಡಪ್ಪ, ಇಷ್ಟಕ್ಕೆ ನಾನು ಎಷ್ಟೊಂದು ಹೆದರಿದ್ದೆನಲ್ಲ, ಒಳಗೆ ಒಯ್ದು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹಳೇ ಹಾಳೆ ಹಾಸಿ ಇಟ್ಟುಕೊಂಡಿದ್ದೇನೆ, ಪಕ್ಕದಲ್ಲಿ ಸುಣ್ಣದ ಬಳಪ, ಅರ್ಧ ಹೊಲಿದ ಸ್ಕೂಲು ಚಡ್ಡಿಗಳು, ಸೈಕಲ್ ಅಂಗಡಿಯವನು ಕೊಟ್ಟ ಬ್ರೇಕಿನ ವೈರು, ಅವನೇ ಉದ್ದ ಅಳೆದು ತುದಿಗೆ ಸೀಸದ ಗುಂಡು ಹಾಕಿಕೊಟ್ಟ, ಯಾರಿಗೆ ಏನು ಅಂತ ಕೇಳಲಿಲ್ಲ, ಅಣ್ಣಾವ್ರು ಹೇಗಿದ್ದಾರೆ ಅಂತ ಮಾತ್ರ ಕೇಳಿದ, ಈ ಬೀದಿಯಲ್ಲಿ ಎಲ್ಲರೂ ಕೇಳುವುದು ಇದನ್ನೇ, ಕೇಳಿಸಿಕೊಂಡು ಕೇಳಿಸಿಕೊಂಡು ನನಗೆ ಬೇಸರವಾಗಬೇಕಿತ್ತು, ಆಗುವುದಿಲ್ಲ, ಕೇಳಲಿ, ಇನ್ನಷ್ಟು ಕೇಳಲಿ, ಚೆನ್ನಾಗಿದ್ದಾರೆ ಅನ್ನುವಾಗಲೆಲ್ಲ ನನಗೆ ಬಾಯಿಗೆ ಸಕ್ಕರೆ ಹಾಕಿಕೊಂಡಂತಾಗುತ್ತದೆ. ಬಟ್ಟೆಯನ್ನು ಯಾವಾಗಲೂ ಒಳಮೈ ಮೇಲೆ ಮಾಡಿ ಹೊಲಿಯಬೇಕು, ಆಮೇಲೆ ತಿರುವಿದರೆ ಸರಿಯಾಗಿ ಬರುತ್ತದೆ, ಆ ಅಭ್ಯಾಸಕ್ಕೇ ಇರಬೇಕು, ಡ್ರಮ್ಮನ್ನು ಬೋರಲು ಮಾಡಿಕೊಂಡು ಸುತ್ತುತ್ತಿದ್ದೇನೆ, ಗೀರಿನಲ್ಲಿ ಗೀರು, ಬಿಗಿಯಾಗಿ, ಆದರೆ ಬಹಳ ಬಿಗಿಯಲ್ಲ, ಕೈಗೆ ಸುಖ ಅನಿಸುವಷ್ಟು, ಬೆರಳಿಗೆ ಗೊತ್ತಾಗುತ್ತದೆ, ಮಣ್ಣು ತೋಡುವಾಗ ಅವನ ಬೆರಳುಗಳಿಗೂ ಹೀಗೇ ಗೊತ್ತಾಗುತ್ತಿತ್ತೋ ಏನೋ — ಆ ಜೇಸಿಬಿಯವನಿಗೆ.

ನೀರಿನ ಪೈಪಿಗೆಂದು ತೋಡಿದ ಗುಂಡಿ, ಆಳೆತ್ತರಕ್ಕಿಂತ ಆಳ, ಇವರು ಕೆಳಗಿಳಿದು ಪೈಪಿನ ಜೋಡಣೆ ಬಿಗಿಯುತ್ತಿದ್ದಾಗ ಪಕ್ಕದ ಮಣ್ಣು ಒಂದೇ ಸಲ ಕುಳಿತುಬಿಟ್ಟಿತಂತೆ, ಧೊಪ್ ಅಂತಲೂ ಸದ್ದಾಗಲಿಲ್ಲವಂತೆ, ಯಾರೋ ಓಡಿ ಬಂದು ನನ್ನನ್ನು ಕರೆದರು, ನಾನು ಕತ್ತರಿ ಕೈಯಲ್ಲಿ ಹಿಡಿದುಕೊಂಡೇ ಓಡಿದ್ದೇನೆ, ಅಲ್ಲಿ ನೋಡಿದರೆ ಗುಂಡಿಯೇ ಇಲ್ಲ, ನೆಲ, ಬರೀ ನೆಲ, ಜನ ಬಾಯಿಗೆ ಬಂದಂತೆ ಕೂಗುತ್ತಿದ್ದಾರೆ, ಯಂತ್ರ ಹಾಕೋ, ಬೇಗ ಹಾಕೋ, ಏನು ನೋಡ್ತಾ ನಿಂತಿದ್ದೀಯ, ಜೇಸಿಬಿಯವನು ಯಂತ್ರ ಆರಿಸಿ ಕೆಳಗೆ ಹಾರಿದ, ಬಕೆಟ್ ಹಾಕಿದ್ರೆ ಮನುಷ್ಯನ ತಲೆ ಹೋಗುತ್ತೆ ಕಣ್ರೋ, ಕೈಯಲ್ಲಿ ತೋಡಿ, ಕೈಯಲ್ಲಿ, ಆಮೇಲೆ ದೂರಕ್ಕೆ ಓಡಿ ಪೈಪಿನ ತೆರೆದ ಬಾಯಿಗೆ ಕಿವಿಯಿಟ್ಟ, ಒಳಗಿಂದ ಟಣ್, ಟಣ್, ಇವರು ಸ್ಪ್ಯಾನರಿನಲ್ಲಿ ಬಡಿಯುತ್ತಿದ್ದಾರೆ, ಪೈಪಿನ ತುದಿಗೆ ಮುಖ ಸಿಕ್ಕಿತ್ತಂತೆ, ಅದರಲ್ಲಿ ಬರುವ ಗಾಳಿಯೇ ಗಾಳಿ, ಇವನು ಪೈಪಿನೊಳಗೆ ಕೂಗಿದ, ಅಣ್ಣಾ, ಗಾಬರಿ ಬೇಡ, ಮೆಲ್ಲಗೆ ಉಸಿರಾಡು, ಬಂದ್ವಿ, ಬಂದ್ವಿ, ಮತ್ತೆ ಬಂದು ನಾಯಿಯಂತೆ ಮಣ್ಣು ಕೆದಕಿದ, ಉಗುರಿನಲ್ಲಿ ರಕ್ತ, ನಾನು ಅವನ ಬೆನ್ನ ಹಿಂದೆ ನಿಂತು ನೋಡುತ್ತಿದ್ದೆ, ದೇವರಾಣೆಗೂ ನನ್ನ ತಲೆಯಲ್ಲಿ ಆಗ ಬಂದದ್ದು ಒಂದೇ, ಇವನ ಎಡಭುಜ ಬಲಕ್ಕಿಂತ ಇಳಿದಿದೆ, ಅಂಗಿ ಹೊಲಿಯುವಾಗ ಅಲ್ಲಿ ಸ್ವಲ್ಪ ಹಿಡಿಯಬೇಕು ಅಂತ, ಗಂಡ ಮಣ್ಣಿನ ಕೆಳಗಿರುವಾಗ ಯಾವಳಾದರೂ ಭುಜ ಅಳೆಯುತ್ತಾಳಾ, ನಾನು ಅಳೆದೆ, ತಲೆ ತನ್ನ ಪಾಡಿಗೆ ತಾನು ಟೇಪು ಹಿಡಿದುಕೊಂಡು ನಿಂತಿತ್ತು. ಇವರು ಆಸ್ಪತ್ರೆಯಿಂದ ಬಂದ ಮೇಲೆ ಆ ಅಳತೆಗೇ ಅವನಿಗೆ ಅಂಗಿ ಹೊಲಿದು ಕಳಿಸಿದೆ, ತೊಟ್ಟುಕೊಂಡೇ ಬಂದ, ಅಕ್ಕಾ, ನನಗೆ ಯಾವ ಟೈಲರೂ ಇಷ್ಟು ಸರಿಯಾಗಿ ಹೊಲಿದಿಲ್ಲ, ಅಳತೆ ಯಾವಾಗ ತಗೊಂಡ್ರಿ, ನಾನು ಕೈ ಮುಗಿದೆ, ಅವನು ನಾಚಿಕೊಂಡು ಇವರ ಕಡೆ ತಿರುಗಿ, ಅಣ್ಣಾ ನೀವು ಬಹಳ ತೂಕ ಕಣ್ರೀ, ಎಳೆದೂ ಎಳೆದೂ ಸೊಂಟ ಬಿತ್ತು ಅಂದ, ಅಂಥವನಿಗೆ ಆ ಒಂದು ಅಂಗಿ ಯಾವ ಲೆಕ್ಕ, ಜನ್ಮವಿಡೀ ಹೊಲಿದುಕೊಟ್ಟರೂ ತೀರುವುದಿಲ್ಲ.

ಕೂತಿತು, ಡ್ರಮ್ಮು ಮೋಟಾರಿಗೆ ಕೂತಿತು, ವೈರಿನ ಒಂದು ತುದಿ ಮೇಲಿನ ರಾಟೆಗೆ, ಇನ್ನೊಂದು ಕೆಳಗಿನದಕ್ಕೆ, ಬೀಳದಿರಲೆಂದು ಗ್ಲಾಸಿಗೆ ಅಂಟಿಸಿದ್ದ ಟೇಪು ಕಿತ್ತು ಅರ್ಧದವರೆಗೆ ಇಳಿಸಿ ವೈರಿನ ಹಿಡಿಕೆಗೆ ಬೋಲ್ಟು ಹಾಕಿದೆ, ಬೆರಳು ಕುಯ್ದುಕೊಂಡದ್ದೂ ಆಯಿತು, ಇವರಿಗೆ ತೋರಿಸಿಲ್ಲ, ತೋರಿಸಿದರೆ ನಾನು ಹೇಳಿರಲಿಲ್ಲವೇನೇ ಅಂತ ಶುರು. ರೀ, ಇಲ್ಲಿ ಬನ್ನಿ, ಇದಕ್ಕೆ ಇಬ್ಬರು ಬೇಕು, ನೀವು ಸ್ವಿಚ್ಚು ಒತ್ತಬೇಕು, ನಾನು ಗ್ಲಾಸು ಓರೆಯಾಗದ ಹಾಗೆ ಹೊರಗಡೆಯಿಂದ ಹಿಡ್ಕೋತೀನಿ, ಇವರು ಹೊಸ್ತಿಲಿನಿಂದ ಎದ್ದರು, ಎಂಟು ಹೆಜ್ಜೆಯ ದಾರಿಗೆ ಅಷ್ಟೊಂದು ಹೊತ್ತು, ಸೀಟಿನ ಮೇಲೆ ಕೈಯಿಟ್ಟು ನೋಡಿದರು, ಕೂತರು, ಒಂದು ಕಾಲು ಹೊರಗೇ, ಈ ಸೀಟಿನಲ್ಲಿ ಕೂತೇ ಅಲ್ಲವೇ ನನಗೆ ಗಾಡಿ ಕಲಿಸಿದ್ದು, ಕ್ಲಚ್ಚು ಕ್ಲಚ್ಚು ಅಂತ ಡ್ಯಾಶ್‌ಬೋರ್ಡು ಬಡಿದುಕೊಂಡು, ಪ್ಯಾಡಿಲ್ಲದ ಬಾಗಿಲಿನಿಂದ ಸ್ವಿಚ್ಚು ವೈರಿನಲ್ಲಿ ಜೋತಾಡುತ್ತಿತ್ತು, ಅದನ್ನು ಅಂಗೈಯಲ್ಲಿಟ್ಟೆ, ಬಾಗಿಲು ಹಾಕದೆ ರಬ್ಬರು ಸರಿಯಾಗಿ ಕೂರುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ, ಹೇಗೆ ಹೇಳಲಿ ಅಂತ ನಾನು ತಡವರಿಸುತ್ತಿದ್ದರೆ ಇವರೇ, ಬಾಗಿಲು ಹಾಕ್ಬೇಕು ತಾನೇ, ಹಾಕು, ಅರ್ಧ ತೆಗೆದೇ ಇದೆಯಲ್ಲ, ಗಾಳಿ ಬರ್ತಾ ಇದೆ ಅಂದು ಕಾಲು ಒಳಗೆಳೆದುಕೊಂಡರು, ಹಾಕಿದೆ, ಮೆಲ್ಲಗೆ, ಮಲಗಿದ ಮಗುವಿನ ಕೋಣೆಯ ಬಾಗಿಲು ಹಾಕಿದ ಹಾಗೆ. ಇಳಿಸೋದು ಅಲ್ವಾ, ಹೂಂ ರೀ, ಪೂರ್ತಿ ಇಳಿಸಿ, ಕೆಳಗಿನ ಬಾಣದ ಗುರುತು, ಒತ್ತಿದರು, ಗುಂಯ್, ಗ್ಲಾಸು ಅಲ್ಲಾಡಿತು, ನನಗೆ ಸಂತೋಷಕ್ಕೆ ಕುಣಿಯುವ ಹಾಗಾಯಿತು, ಅಲ್ಲಾಡಿತು ರೀ — ಅದು ಮೇಲಕ್ಕೆ ಹೋಗುತ್ತಿದೆ.

ಮೇಲಕ್ಕೆ, ಇಳಿಯುವ ಬದಲು ಏರುತ್ತಿದೆ, ಇವರು ಇನ್ನೂ ಜೋರಾಗಿ ಕೆಳಗಿನ ಗುರುತನ್ನೇ ಒತ್ತುತ್ತಿದ್ದಾರೆ, ಯಾರಾದರೂ ಹಾಗೇ ಮಾಡುತ್ತಾರೆ, ಕೆಲಸ ಕೆಟ್ಟಷ್ಟೂ ಗಟ್ಟಿಯಾಗಿ ಒತ್ತುತ್ತಾರೆ, ಬಿಡಿ ರೀ ಬೆರಳು ಬಿಡಿ ಅಂತ ನಾನು ಕೂಗುವುದರೊಳಗೆ ಗ್ಲಾಸು ನನ್ನ ಕೈಗಳ ನಡುವಿನಿಂದ ಜಾರಿ ಮೇಲಿನ ರಬ್ಬರಿಗೆ ಮೆತ್ತಗೆ ಹೋಗಿ ಕೂತಿತು, ಎಷ್ಟು ಚೆನ್ನಾಗಿ ಕೂತಿತು, ಒಂದು ಎಳೆ ಸಂದಿಲ್ಲ, ಮುಚ್ಚಿತು — ಬೋರಲು, ಬೋರಲು ಹಾಕಿಕೊಂಡು ಸುತ್ತಿದೆನಲ್ಲ, ಇದೇನು ರವಿಕೆಯಾ ಆಮೇಲೆ ತಿರುವಿಕೊಳ್ಳಲು, ಏರುವುದು ಇಳಿಯಿತು, ಇಳಿಯುವುದು ಏರಿತು, ನನ್ನ ಕೈಗೆ ಬೆಂಕಿ ಹಾಕ, ನನ್ನ ಕೈಯಾರೆ ನಾನೇ ಇವರನ್ನು ಒಳಗೆ ಹಾಕಿ ಮುಚ್ಚಿದೆ, ಉಳಿದ ಗ್ಲಾಸುಗಳೆಲ್ಲ ಚಳಿಗೆಂದು ಮೊದಲೇ ಮುಚ್ಚಿವೆ, ಎದೆ ಹಿಡಿದುಕೊಳ್ಳುತ್ತಾರೆ ಈಗ, ಈಗ ಬೆವರು, ಇನ್ನು ಈ ಜನ್ಮದಲ್ಲಿ ಕಾರು ಹತ್ತುವುದಿಲ್ಲ, ಕೂಸಿನ ಮುಷ್ಟಿ ಫೋಟೋದಲ್ಲೇ ಉಳಿಯಿತು, ಹೊರಗಿನ ಹಿಡಿಯ ಮೇಲೆ ನನ್ನ ಕೈ, ಎಳೆಯಬೇಕು, ಎಳೆಯುತ್ತಿದ್ದೇನೆ — ಒಳಗೆ ಇವರು ಅಂಗೈ ಎತ್ತಿದರು. ತಡಿ. ಬಾಯಿ ಆಡಿದ್ದು ಕಂಡಿತು, ದನಿ ಕೇಳಲಿಲ್ಲ, ತಡಿ. ಮುಖ ಬಿಳಿಚಿಕೊಂಡಿದೆ, ಹಣೆಯಲ್ಲಿ ಬೆವರು ಕೂಡ ಇದೆ, ಆದರೆ ಕಣ್ಣು ಸ್ವಿಚ್ಚಿನ ಮೇಲೆ, ಆಮೇಲೆ ನನ್ನ ಮೇಲೆ, ಅರ್ಥವಾಯಿತು ಇವರಿಗೆ, ಪೈಪಿನ ಕೆಲಸದವರಿಗೆ ಯಾವುದು ಯಾವ ಕಡೆ ತಿರುಗುತ್ತದೆ ಅಂತ ಹೇಳಿಕೊಡಬೇಕಾ, ಬೆರಳನ್ನು ಗಾಳಿಯಲ್ಲಿ ಉಲ್ಟಾ ಸುತ್ತಿ ತೋರಿಸುತ್ತಾರೆ, ತುಟಿ ಒಂದು ಕಡೆಗೆ ಸೊಟ್ಟಗಾಗುತ್ತದೆ, ನನ್ನನ್ನು ಬೈಯುವ ಮೊದಲು ಯಾವಾಗಲೂ ಆಗುವ ಹಾಗೆ, ಮೇಲಿನ ಗುರುತು ಒತ್ತಿದರೆ ಗ್ಲಾಸು ಇಳಿಯುತ್ತದೆ, ಇವರಿಗೆ ಗೊತ್ತು, ಬೆರಳು ಅದರ ಮೇಲೇ ಇದೆ, ಒತ್ತಬಹುದು, ಒತ್ತುತ್ತಿಲ್ಲ, ಅಂಗೈ ಹಾಗೇ ನನ್ನ ಕಡೆ ಎತ್ತಿದೆ, ತಡಿ, ಇನ್ನೂ ಸ್ವಲ್ಪ ತಡಿ, ನನ್ನ ಕೈ ಹಿಡಿಯ ಮೇಲೆ, ಏನೂ ಯೋಚನೆ ಬರುತ್ತಿಲ್ಲ, ಮುಚ್ಚಿದ ಗ್ಲಾಸಿನ ಒಳಮೈಯಲ್ಲಿ ಇವರ ಉಸಿರಿನ ಮಬ್ಬು, ರೂಪಾಯಿಯಗಲ, ಮೂಡುತ್ತದೆ, ಆರುತ್ತದೆ, ಮೂಡುತ್ತದೆ, ಮೆಲ್ಲಗೆ ಆರುತ್ತದೆ, ಮೂಡುತ್ತದೆ