ಬಾಗಿಲ ಮೇಲೆ ಯಾರ ಹೆಸರು

ಕ್ಷೌರಿಕನಿಗೆ ಕಾರಿನ ಹುಚ್ಚು ಹಿಡಿಸಿದವನು ಅವನ ಭಾವ. ಭಾವ ವೆಲ್ಡರ್. ಅವನು ಗುಜರಿಯಿಂದ ಎಳೆದು ತಂದ ಎರಡು ಬಾಗಿಲಿನ ಹಳೆಯ ಕಾರಿನ ತಳವನ್ನು ತುಕ್ಕು ಎಷ್ಟು ತಿಂದಿತ್ತೆಂದರೆ, ಒಳಗೆ ಕೂತವರ ಕಾಲು ರಸ್ತೆಗೆ ತಾಗುವಂತಿತ್ತು. ಭಾವ ಹೊಸ ತಗಡು ಬೆಸೆದ. ಜನರ ಗಲ್ಲ ನೇವರಿಸಿ ಪಳಗಿದ ಕೈಯಿಂದ ಕ್ಷೌರಿಕ ಅದರ ಮೈ ಉಜ್ಜಿ ಉಜ್ಜಿ ನಯ ಮಾಡಿದ. ಸೀಟಿನ ಹೊದಿಕೆ ಹೊಲಿದವಳು ಅಕ್ಕ; ಕಡುನೀಲಿ ಬಣ್ಣ ಆರಿಸಿದವಳೂ ಅವಳೇ. ಕೆಲಸ ಮುಗಿಯುವ ಹೊತ್ತಿಗೆ ಮೂವರೂ ಕಾರನ್ನು ‘ನೀಲಿ’ ಎಂದೇ ಕರೆಯತೊಡಗಿದ್ದರು, ಮನೆಮಗಳನ್ನು ಕರೆದ ಹಾಗೆ.

ಹಳೆಯ ಕಾರುಗಳ ಪ್ರದರ್ಶನವೊಂದರಲ್ಲಿ ನೀಲಿಗೆ ಬಹುಮಾನ ಬಂತು. ಮರುವಾರವೇ ಕಾರ್ ಪಾಲಿಶ್ ಕಂಪನಿಯ ಪ್ರಚಾರದ ಮೇಡಂ ಕ್ಷೌರದಂಗಡಿಗೆ ಬಂದರು.

“ನಿಮ್ಮ ಕಾರಿಗೆ ನಾವು ಸ್ಪಾನ್ಸರ್ ಆಗ್ತೀವಿ. ಟೈರು, ಪಾಲಿಶು, ಪ್ರದರ್ಶನಕ್ಕೆ ಸಾಗಿಸೋ ಲಾರಿ, ಎಲ್ಲಾ ನಮ್ಮದು. ಎರಡೂ ಬಾಗಿಲ ಮೇಲೆ ನಮ್ಮ ಹೆಸರು ಇರುತ್ತೆ. ಒಂದು ವರ್ಷ ನಾವು ಹೇಳಿದ ಕಡೆ ಕಾರು ಬರಬೇಕು. ಬೇರೆ ಎಲ್ಲೂ ಓಡಿಸೋ ಹಾಗಿಲ್ಲ.”

ಅವರು ಹೊರಟಿದ್ದೇ ತಡ, ಕುರ್ಚಿಯಲ್ಲಿದ್ದ ಮೇಷ್ಟ್ರು ಗಡ್ಡದ ನೊರೆಯೊಳಗಿಂದಲೇ ಬಾಯಿ ಬಿಟ್ಟರು. “ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು! ಬಿಡಬೇಡಪ್ಪಾ.”

ಸರದಿ ಕಾಯುತ್ತಿದ್ದ ಡ್ರೈವರ್ ಪೇಪರು ಮಡಚಿದ. “ಪುಕ್ಕಟೆ ಅನ್ನೋದು ಎಲ್ಲಿದೆ ಮೇಷ್ಟ್ರೇ? ನಮ್ಮ ಸಾಹುಕಾರ್ರೂ ‘ಗಾಡಿ ನಿಂದೇ ಅಂದ್ಕೋ’ ಅಂತಾರೆ. ಒಂದಿನ ಕೇಳಿ ನೋಡಿ, ಕೀಲಿ ಅವರ ಜೇಬಿಗೆ ಹೋಗುತ್ತೆ.”

ಸಂಜೆ ಭಾವ ಕಾರಿನ ಸುತ್ತ ಒಂದು ಸುತ್ತು ಬಂದು, “ಟೈರು ನನ್ನ ತಲೆ ಥರ ಬೋಳಾಗಿದೆ ಕಣೋ. ಒಪ್ಕೋ,” ಎಂದ. ಅಕ್ಕ, “ನಿನ್ನಿಷ್ಟ,” ಎಂದಷ್ಟೇ ಹೇಳಿ ಒಳಗೆ ಹೋದಳು. ಕ್ಷೌರಿಕ ಸಹಿ ಹಾಕಿದ.

ಸುಳ್ಳೇಕೆ, ಮೊದಲ ತಿಂಗಳುಗಳು ಸೊಗಸಾಗಿದ್ದವು. ಹೊಸ ಟೈರು ಬಂತು. ಕಂಡು ಕೇಳರಿಯದ ಊರುಗಳಿಗೆ ನೀಲಿ ಲಾರಿಯೇರಿ ಹೋದಳು. ಅಂಥದೇ ಕಾರು ಇಟ್ಟುಕೊಂಡಿದ್ದ ಮುದುಕಿಯೊಬ್ಬಳು ಎಲ್ಲೂ ಸಿಗದ ಹಳೆಯ ಹಾರ್ನನ್ನು ತನ್ನ ಶೆಡ್ಡಿನಿಂದ ತೆಗೆದುಕೊಟ್ಟಳು. ಕಾರಿನ ಮಾತಾಡಲೆಂದೇ ಅಂಗಡಿಗೆ ಬಂದವರು ತಲೆಯನ್ನೂ ಒಪ್ಪಿಸಿ ಹೋಗುತ್ತಿದ್ದರು.

ಆದರೆ ಬಾಗಿಲ ಮೇಲಿನ ಹಳದಿ ಅಕ್ಷರ ಕಣ್ಣಿಗೆ ಚುಚ್ಚುತ್ತಿತ್ತು. ಪ್ರದರ್ಶನಗಳಲ್ಲಿ ಅವನ ಬಾಯಿಂದ ಪಾಲಿಶಿನ ಗುಣಗಾನ ಬಿಟ್ಟು ಬೇರೆ ಮಾತು ಹೊರಡುವಂತಿರಲಿಲ್ಲ. ಭಾನುವಾರ ಮೂವರೂ ಕೆರೆಯ ಸುತ್ತ ಹೋಗುತ್ತಿದ್ದ ಸವಾರಿ ನಿಂತೇಹೋಯಿತು.

ಅಷ್ಟರಲ್ಲಿ ಅಕ್ಕನ ಮಂಡಿಗೆ ಆಪರೇಷನ್ ಆಯಿತು. ಮನೆಗೆ ಕಳಿಸುವ ದಿನ ಅವಳು ಕೇಳಿದ್ದು ಒಂದೇ: “ನೀಲೀಲಿ ಕರ್ಕೊಂಡು ಹೋಗೋ. ಅದರ ಸೀಟು ಹಿಂದಕ್ಕೆ ಹೋಗುತ್ತೆ, ಕಾಲು ಚಾಚ್ಬೋದು.”

ಅವನು ಮೇಡಂಗೆ ಫೋನ್ ಮಾಡಿದ. “ನಾಡಿದ್ದು ಫೋಟೋ ತೆಗೀಬೇಕು. ಒಂದು ಗೀರು ಬಿದ್ರೂ ಕಷ್ಟ,” ಎಂದರು ಅವರು. ಅಕ್ಕನನ್ನು ಬಾಡಿಗೆ ಕಾರಿನಲ್ಲಿ ಕರೆತಂದ. ದಾರಿಯುದ್ದಕ್ಕೂ ಅವಳು ಮಂಡಿ ಹಿಡಿದುಕೊಂಡು ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಫೋಟೋದ ದಿನ ಮೇಡಂ ಬಂದಾಗ ಅವನು ಕೈ ಕಟ್ಟಿ ನಿಂತ. “ಮೇಡಂ, ಇಷ್ಟು ದಿನ ಆಯ್ತು, ನೀವು ಒಂದ್ಸಲಾನೂ ಇದರೊಳಗೆ ಕೂತಿಲ್ಲ. ಬನ್ನಿ, ಇಲ್ಲೇ ಅಂಗಳದಲ್ಲಿ ಒಂದು ಸುತ್ತು.”

ಅವರು ನಕ್ಕು ಕೂತರು. ಕಾರು ಹೊರಟಿತು. ಮೇಡಂ ಸೀಟಿನ ಹೊಲಿಗೆಯ ಮೇಲೆ ಬೆರಳಾಡಿಸಿದರು.

“ಇದು ಯಾವ ಕಂಪನೀದು?”

“ನಮ್ಮಕ್ಕಂದು. ಮೊನ್ನೆ ಆಸ್ಪತ್ರೆಯಿಂದ ಇದರಲ್ಲೇ ಬರಬೇಕು ಅಂತಿದ್ಳು.” ಅವನು ಕಾರು ನಿಲ್ಲಿಸಿದ. “ಟೈರು ವಾಪಸ್ ತಗೊಳ್ಳಿ. ಲಾರೀನೂ ಬೇಡ. ಕಾರು ಮಾತ್ರ ನಮ್ಮ ಕೈಲಿರಲಿ.”

ಮೇಡಂ ಹೊಲಿಗೆಯ ಮೇಲಿಂದ ಬೆರಳು ತೆಗೆದರು. “ಹಾಕಿದ ಟೈರು ಕಿತ್ಕೊಳ್ಳೋಕೆ ನಾವೇನು ಕಳ್ಳರಾ? ಮೇಲಿನವರ ಹತ್ರ ಮಾತಾಡ್ತೀನಿ, ಇರಿ.”

ಮಾತಾಡಿದರು ಕೂಡ. ಲಾರಿ ತಪ್ಪಿತು, ಮುಂದೆ ಹೊಸ ಟೈರು ಸಿಗುವ ಆಸೆಯೂ ತಪ್ಪಿತು. ಪಾಲಿಶು, ಪ್ರದರ್ಶನದ ಪ್ರವೇಶ ಶುಲ್ಕ ಅವರ ಲೆಕ್ಕದಲ್ಲೇ ಉಳಿಯಿತು. ಕಂಪನಿಯ ಹೆಸರು ಹಿಂದಿನ ಗಾಜಿನ ಮೂಲೆಗೆ ಸರಿಯಿತು. ಎಲ್ಲಿಗೆ ಹೋಗಬೇಕು, ಏನು ಹೇಳಬೇಕು ಎಂಬುದು ಇನ್ನು ಅವನಿಗೇ ಬಿಟ್ಟದ್ದು. ಭಾವ ಹಳದಿ ಅಕ್ಷರ ಕೆರೆದು ತೆಗೆಯುತ್ತ, “ಸ್ನೇಹ ಅಂದ್ರೆ ಇಷ್ಟಿದ್ರೆ ಸಾಕು, ಕುತ್ತಿಗೆ ಮೇಲೆ ಕೂತ್ಕೋಬಾರದು,” ಎಂದ.

ಮುಂದಿನ ಪ್ರದರ್ಶನಕ್ಕೆ ಮೂವರೂ ನೀಲಿಯನ್ನು ಓಡಿಸಿಕೊಂಡೇ ಹೋದರು. ದಾರಿಯ ಧೂಳು ಕುಡಿದು ಹೋದದ್ದಕ್ಕೋ ಏನೋ, ಬಹುಮಾನ ಬರಲಿಲ್ಲ. ಬೇಸರಪಡಲು ಯಾರಿಗೂ ಪುರುಸೊತ್ತಿರಲಿಲ್ಲ. ಹಿಂತಿರುಗುವಾಗ ಒಂದು ಬಯಲು ಕಂಡದ್ದೇ ಅಕ್ಕ, “ನಿಲ್ಸೋ,” ಎಂದಳು. “ಡಾಕ್ಟ್ರು ಮಂಡಿ ಮಡಚಿ ಚಾಚು ಅಂದಿದಾರೆ. ಓಡಿಸೋದು ಕಲಿಸು ನಂಗೆ.”

ಅಕ್ಕ ಕೀಲಿ ತಿರುಗಿಸಿ ಕ್ಲಚ್ಚು ಬಿಟ್ಟಳು; ಕಾರು ಕಪ್ಪೆಯಂತೆ ಜಿಗಿದು ನಿಂತಿತು. ಹಿಂದೆ ಮುದುಡಿ ಕೂತಿದ್ದ ಭಾವನ ತಲೆ ಸೂರಿಗೆ ಬಡಿಯಿತು. “ಅಯ್ಯೋ, ಇವಳಿಗೆ ಯಾರಾದ್ರೂ ಬ್ರೇಕು ಸ್ಪಾನ್ಸರ್ ಮಾಡ್ರೋ!” ಎಂದು ಕೂಗಿದ.

ಅಕ್ಕ ನಗುತ್ತ ಕಣ್ಣೊರೆಸಿಕೊಂಡು, ಮತ್ತೆ ಕೀಲಿ ತಿರುಗಿಸಿದಳು.