ಮಾವ ಕುಡಿದಿರಲಿಲ್ಲ

ಬಡಗಿ ಮಾವನಿಗೆ ಜ್ವರ ಬಂದದ್ದು ಸೋಮವಾರ. ಕೆಮ್ಮು, ನೆಗಡಿ, ಮೈಕೈ ನೋವು; ಆ ವಾರ ಬೀದಿಯ ಅರ್ಧ ಜನಕ್ಕೆ ಅದೇ ಗೋಳು. ಗುರುವಾರ ಜ್ವರ ಬಿಟ್ಟಿತೆಂದು ಅವರು ಕೆಲಸಕ್ಕೆ ಇಳಿದೇಬಿಟ್ಟರು.

ಎಡವಟ್ಟಾಗಿದೆ ಎಂದು ಮೊದಲು ಕಂಡದ್ದು ಪಕ್ಕದಲ್ಲೇ ಪಾಲಿಶ್ ಉಜ್ಜುತ್ತಿದ್ದ ಸೊಸೆಗೆ. ನಲವತ್ತು ವರ್ಷದಲ್ಲಿ ಕೂದಲೆಳೆಯಷ್ಟೂ ಅಳತೆ ತಪ್ಪದವರು ಒಂದೇ ಹಲಗೆಯನ್ನು ಮೂರು ಸಲ ಕೊಯ್ದು ಗಿಡ್ಡ ಮಾಡಿದ್ದರು. ಆಮೇಲೆ ಕಿವಿಸಂದಿಯ ಪೆನ್ಸಿಲ್ ತೆಗೆದು ಇದೇನಿದು ಎಂದು ಅವಳನ್ನೇ ಕೇಳಿದರು. ಸ್ವಲ್ಪ ಮಲಗಿ ಎಂದದ್ದಕ್ಕೆ, ಎಂದೂ ದನಿ ಏರಿಸದ ಮನುಷ್ಯ ಉಳಿಯನ್ನೇ ಎಸೆದರು. ನಡೆದರೆ ಕಾಲು ತೊಡರುತ್ತಿತ್ತು.

ಆಸ್ಪತ್ರೆಯ ಎಳೆಯ ಡಾಕ್ಟರು ಒಮ್ಮೆ ನೋಡಿ, ಕುಡಿದಿದ್ದಾರೆ, ನಿದ್ದೆ ಮಾಡಿದರೆ ಸರಿಹೋಗುತ್ತದೆ, ಕರೆದುಕೊಂಡು ಹೋಗಿ ಎಂದರು. ಮಗ ನಾಚಿ ತಲೆ ತಗ್ಗಿಸಿದ. ಸೊಸೆಗೆ ಮೈಯೆಲ್ಲ ಉರಿಯಿತು. ಮಾವನಿಗೂ ಅವಳಿಗೂ ಅಷ್ಟಕ್ಕಷ್ಟೇ. ಒಂಬತ್ತು ವರ್ಷದಲ್ಲಿ ಇಬ್ಬರೂ ನೆಟ್ಟಗೆ ಹತ್ತು ಮಾತಾಡಿದ್ದರೆ ಹೆಚ್ಚು. ಆದರೆ ಸುಳ್ಳನ್ನು ಹೇಗೆ ನುಂಗುವುದು?

"ಇವ್ರು ಟೀಗೆ ಸಕ್ಕರೆ ಕೂಡ ಅಳೆದು ಹಾಕ್ಕೊಳ್ಳೋರು ಡಾಕ್ಟ್ರೇ. ಮೂರು ದಿನ ಜ್ವರ ಇತ್ತು. ಈಗ ಪೆನ್ಸಿಲ್ ಅಂದ್ರೇನು ಅಂತ ಕೇಳ್ತಿದಾರೆ. ಇದು ಕುಡಿತ ಅಲ್ಲ. ದೊಡ್ಡ ಡಾಕ್ಟ್ರು ನೋಡೋ ತನಕ ನಾನು ಈ ಕುರ್ಚಿ ಬಿಟ್ಟು ಏಳಲ್ಲ."

ಗಂಡ ಕೈ ಜಗ್ಗಿದ. ಅವಳು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

ಕೊನೆಗೆ ಬಂದ ಹಿರಿಯ ಡಾಕ್ಟರಮ್ಮ ಜ್ವರದ ಮಾತು ಕೇಳುತ್ತಲೇ ಮಾವನ ಕುತ್ತಿಗೆ ಬಗ್ಗಿಸಲು ನೋಡಿದರು. ಮರದ ಹಾಗೆ ಸೆಟೆದಿತ್ತು. ಗಂಟಲಿನ ಪರೀಕ್ಷೆಯಲ್ಲಿ ಫ್ಲೂ ಸಿಕ್ಕಿತು. ಸ್ಕ್ಯಾನಿನಲ್ಲಿ ಮಿದುಳು ಊದಿದ್ದು ಕಂಡಿತು. ಬೆನ್ನುಹುರಿಯ ಸುತ್ತಲಿನ ನೀರು ತೆಗೆದು ನೋಡಿದಾಗ ಇದು ಮಿದುಳಿನ ಉರಿಯೂತವೇ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ. ಇಂಥ ವೈರಸ್ಸು ಸಾಮಾನ್ಯವಾಗಿ ಮೂಗು, ಗಂಟಲು, ಶ್ವಾಸಕೋಶ ದಾಟುವುದಿಲ್ಲ, ಅಪರೂಪಕ್ಕೆ ಮಿದುಳಿಗೇ ನುಗ್ಗುತ್ತದೆ, ಇಲ್ಲವೇ ಅದರೊಡನೆ ಕಾದಾಡಲು ಹೊರಟ ಮೈಯೇ ಮಿದುಳಿಗೆ ಏಟು ಕೊಡುತ್ತದೆ ಎಂದು ಅವರು ಬಿಡಿಸಿ ಹೇಳಿದರು. ನಾಳೆಗೆ ಬಿಟ್ಟಿದ್ದರೆ ಕೈಮೀರುತ್ತಿತ್ತು ಎಂದರು. ಎಳೆಯ ಡಾಕ್ಟರು ತಾವಾಗಿ ಬಂದು ಸೊಸೆಯಲ್ಲಿ ತಪ್ಪೊಪ್ಪಿಕೊಂಡರು.

ಅಂದೇ ರಾತ್ರಿ ಪ್ರಜ್ಞೆ ತಪ್ಪಿದ ಮಾವ ಕಣ್ಣು ಬಿಟ್ಟದ್ದು ಐದನೆಯ ದಿನ. ಮನೆಗೆ ಬಂದ ಮೇಲೆ ಸೊಸೆ ಹಠ ಹಿಡಿದಳು. ದಿನಾ ಬೆಳಿಗ್ಗೆ ಹತ್ಯಾರುಗಳನ್ನು ಒಂದೊಂದಾಗಿ ಮುಂದಿಟ್ಟು ಹೆಸರು ಹೇಳಿಸುವಳು. ಸುತ್ತಿಗೆ ಎರಡೇ ದಿನಕ್ಕೆ ನೆನಪಾಯಿತು. ಮರ ಹೆರೆದು ನುಣುಪು ಮಾಡುವ ಕೀಸುಳಿ ಒಂಬತ್ತು ದಿನ ಸತಾಯಿಸಿತು. ಅದು ಬಾಯಿಗೆ ಬಂದ ದಿನ ಮಾವ ಅದನ್ನೇ ಇಪ್ಪತ್ತು ಸಲ ಕೂಗಿದರು. ನಡುನಡುವೆ ಜಗಳವೂ ಆಯಿತು. ಜಗಳವಾಡುವಷ್ಟು ಮಾತು ಬಂತಲ್ಲ ಎಂದು ಅವಳು ಒಳಗೊಳಗೇ ಹಿಗ್ಗಿದಳು.

ಏಳು ತಿಂಗಳಿಗೆ ವಾಚನಾಲಯವೊಂದರ ಮರದ ಮೆಟ್ಟಿಲ ಕೆಲಸ ಬಂತು. ಅಳತೆ, ಗುರುತು, ಕೊಯ್ತ ಎಲ್ಲ ಮಾವನದೇ. ಮಗನಿಗೆ ಹಿಡಿದುಕೊಳ್ಳುವ ಕೆಲಸವಷ್ಟೇ. ಹದಿನಾರನೆಯ ಮೆಟ್ಟಿಲು ಕೂತ ಮೇಲೆ ಅವರು ಪಕ್ಕದ ಕಟಕಟೆ ಹಿಡಿಯದೆ ತುದಿಯವರೆಗೆ ಹತ್ತಿಹೋಗಿ, ಎದೆಯುಬ್ಬಿಸಿ ನಿಂತು ಕೆಳಗಿದ್ದ ಸೊಸೆಯ ಕಡೆ ನೋಡಿದರು.

"ಬಾರಮ್ಮ, ಮೊದಲು ನೀನು ಹತ್ತು. ಆಮೇಲೆ ಉಳಿದೋರು."

ಅವಳ ಹಿಂದೆ ಮಗ, ಆಳುಗಳು, ಪುಸ್ತಕ ಹೊತ್ತ ಗ್ರಂಥಪಾಲಕಿ, ಎಲ್ಲರೂ ದಡದಡನೆ ಹತ್ತಿದರು. ಒಂದು ಮೆಟ್ಟಿಲೂ ಕಿರ್ ಎನ್ನಲಿಲ್ಲ.